ಶುಕ್ರವಾರ ರಾತ್ರಿಯ ಚುಚ್ಚುಮದ್ದು

2025ರ ಜೂನ್ 6ರ ಶುಕ್ರವಾರ ರಾತ್ರಿ ಒಂಬತ್ತು ಗಂಟೆಗೆ, ಊಟದ ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಅಡುಗೆಮನೆಯ ಬಾಗಿಲನ್ನು ಮುಂದಕ್ಕೆ ಮಾಡಿಕೊಂಡು, ಹೆಬ್ಬೆರಳಿನಷ್ಟು ಗಾತ್ರದ ಒಂದು ಗಾಜಿನ ಬಾಟಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದೆ. ಅದರಲ್ಲಿದ್ದದ್ದು ಸಕ್ಕರೆಯನ್ನೂ ತೂಕವನ್ನೂ ಇಳಿಸುವ ಟಿರ್ಜೆಪಟೈಡ್ ಎಂಬ ಔಷಧಿ, ಅರ್ಧ ಮಿಲಿಲೀಟರ್, ಆಗಿನ ಬೆಲೆ 3,500 ರೂಪಾಯಿ. ತೀರಿಹೋದ ನಮ್ಮ ಮಾವನವರಿಗೆ ಆರು ವರ್ಷ ದಿನಕ್ಕೆರಡು ಹೊತ್ತು ಇನ್ಸುಲಿನ್ ಕೊಟ್ಟ ಕೈ ನನ್ನದು. ಸೂಜಿಯ ಭಯ ನನಗಿರಲಿಲ್ಲ. ಆದರೂ ಸ್ಪಿರಿಟ್ಟಿನ ಹತ್ತಿಯಿಂದ ರಬ್ಬರಿನ ಮುಚ್ಚಳವನ್ನು ಒರೆಸಿ, ಸಿರಿಂಜಿನಲ್ಲಿ ಮೊದಲು ಗಾಳಿ ಎಳೆದು ಅದನ್ನು ಬಾಟಲಿಗೆ ತುಂಬಿ, ಬಾಟಲಿಯನ್ನು ತಲೆಕೆಳಗು ಮಾಡಿ ಐವತ್ತನೆಯ ಗೆರೆಯವರೆಗೆ ಔಷಧಿ ಎಳೆದು, ಗುಳ್ಳೆ ಹೋಗಲೆಂದು ಉಗುರಿನಿಂದ ತಟ್ಟುವಷ್ಟರಲ್ಲಿ ಅಂಗೈ ಬೆವೆತಿತ್ತು. ಬೇರೆಯವರ ಹೊಟ್ಟೆಗೆ ಚುಚ್ಚುವುದು ಒಂದು, ನಮ್ಮದಕ್ಕೇ ಚುಚ್ಚಿಕೊಳ್ಳುವುದು ಇನ್ನೊಂದು. ಹೊಕ್ಕುಳಿನಿಂದ ಎರಡು ಇಂಚು ದೂರ ಬಿಟ್ಟು, ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಚುಚ್ಚಿದೆ. ನೋವೆನ್ನುವಂಥದ್ದೇನೂ ಆಗಲಿಲ್ಲ. ನನ್ನ ಯಜಮಾನರು ಮಾತ್ರ ಹಾಲಿನಲ್ಲಿ ಟಿವಿಯ ಸದ್ದು ಹೆಚ್ಚು ಮಾಡಿಕೊಂಡು, ಎಲ್ಲ ಮುಗಿದ ಮೇಲೆ "ಆಯ್ತಾ?" ಎಂದು ಅಲ್ಲಿಂದಲೇ ಕೇಳಿದರು.

ನಾನು ಹಾಸನದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಶಿಕ್ಷಕಿ. ಆಗ ನನಗೆ ನಲವತ್ತೇಳು ವರ್ಷ, ತೂಕ 92 ಕಿಲೊ, ಎತ್ತರ 156 ಸೆಂಟಿಮೀಟರ್. ಲೆಕ್ಕ ಹಾಕಿದರೆ ದೇಹದ್ರವ್ಯರಾಶಿ ಸೂಚ್ಯಂಕ 38ರ ಹತ್ತಿರಕ್ಕೆ ಬರುತ್ತದೆ. ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ಪರಿಗಣಿಸುತ್ತಾರೆ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆ, ನಾಲ್ಕು ವರ್ಷದಿಂದ ರಕ್ತದೊತ್ತಡ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 8.6 ಇತ್ತು. ಈ ನಡುವೆ ನಾನು ಮಾಡದ ಪಥ್ಯವಿಲ್ಲ. ಅನ್ನ ಬಿಟ್ಟೆ, ರಾತ್ರಿಯೂಟ ಬಿಟ್ಟೆ, ಮೆಂತ್ಯದ ನೀರು ಕುಡಿದೆ, ಒಮ್ಮೆ ಒಂಬತ್ತು ಕಿಲೊ ಇಳಿಸಿ ಮುಂದಿನ ವರ್ಷ ಹನ್ನೊಂದು ಕಿಲೊ ಏರಿಸಿಕೊಂಡೆ. ಮೌಂಜಾರೊ ಎಂಬ ಹೆಸರಿನಲ್ಲಿ ಈ ಔಷಧಿ 2025ರ ಮಾರ್ಚ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದಾಗ ನಾನು ಅದರ ಬೆನ್ನು ಹತ್ತಿ ಹೋದವಳಲ್ಲ. ಶುಗರಿನ ತಪಾಸಣೆಗೆ ಹೋದಾಗ ಡಾಕ್ಟರೇ ಮಾತೆತ್ತಿದರು.

ಬರೆದುಕೊಡುವ ಮೊದಲು ಅವರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಹೇಳಬೇಕು, ಏಕೆಂದರೆ ಇತ್ತೀಚೆಗೆ ಇವುಗಳಲ್ಲಿ ಒಂದನ್ನೂ ಕೇಳಿಸಿಕೊಳ್ಳದೆ ಈ ಮದ್ದನ್ನು ಚುಚ್ಚಿಕೊಳ್ಳುವವರನ್ನು ನೋಡುತ್ತಿದ್ದೇನೆ. ಮನೆತನದಲ್ಲಿ ಯಾರಿಗಾದರೂ ಥೈರಾಯ್ಡ್ ಗ್ರಂಥಿಯ ಮೆಡುಲ್ಲರಿ ಎಂಬ ಬಗೆಯ ಕ್ಯಾನ್ಸರ್ ಆಗಿತ್ತೇ, ನನಗೆ ಎಂದಾದರೂ ಮೇದೋಜೀರಕ ಗ್ರಂಥಿಯ ಉರಿಯೂತ ಆಗಿತ್ತೇ, ಪಿತ್ತಕೋಶದಲ್ಲಿ ಕಲ್ಲಿದೆಯೇ, ಮುಟ್ಟು ನಿಂತಿದೆಯೇ, ನಿಂತಿಲ್ಲದಿದ್ದರೆ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದೇನೆಯೇ. ಈ ಔಷಧಿಯಿಂದ ಅಂಥ ಮಾತ್ರೆಯ ಪರಿಣಾಮ ಕುಗ್ಗುತ್ತದಂತೆ. ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದರು. ಬಹಳ ಕಾಲ ಏರಿಯೇ ಇದ್ದ ಸಕ್ಕರೆ ಒಮ್ಮೆಲೇ ಇಳಿದರೆ ಮೊದಲೇ ಹಾನಿಯಾಗಿರುವ ಕಣ್ಣು ಇನ್ನಷ್ಟು ಕೆಡುವ ಸಾಧ್ಯತೆಯಿದೆ. ಮೂತ್ರಪಿಂಡದ, ಯಕೃತ್ತಿನ ಪರೀಕ್ಷೆಗಳಾದವು. ಮೇಲುಹೊಟ್ಟೆಯಲ್ಲಿ ಬೆನ್ನಿಗೆ ಹಾಯುವಂಥ ತೀವ್ರವಾದ ನೋವು ಬಂದು ಬಿಡದೆ ಕಾಡಿದರೆ ಗ್ಯಾಸ್ ಎಂದುಕೊಂಡು ಮನೆಯಲ್ಲಿ ಕೂರಬಾರದು, ಆಸ್ಪತ್ರೆಗೆ ಬರಬೇಕು ಎಂಬ ಮಾತನ್ನು ಅವರು ಎರಡು ಸಲ ಹೇಳಿ, ನನ್ನ ಯಜಮಾನರಿಗೂ ಕೇಳಿಸಿದರು.

ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಇನ್ಸುಲಿನ್ ಬಿಡುಗಡೆಯಾಗಲು ಅದು ಪ್ರಚೋದಿಸುತ್ತದೆ, ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಸಾಕು ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತದೆ. ಆದರೆ ರಕ್ತಕ್ಕೆ ಸೇರಿದ ಎರಡು ನಿಮಿಷದೊಳಗೆ ಅದರಲ್ಲಿ ಅರ್ಧ ಭಾಗ ನಾಶವಾಗುತ್ತದೆ. ಟಿರ್ಜೆಪಟೈಡ್ ಈ ಹಾರ್ಮೋನಿನ ಕೆಲಸವನ್ನೂ ಜಿಐಪಿ ಎಂಬ ಇನ್ನೊಂದರ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ, ಅರ್ಧಕ್ಕಿಳಿಯಲು ಐದು ದಿನ ತೆಗೆದುಕೊಳ್ಳುತ್ತದೆ. ಆದ್ದರಿಂದಲೇ ವಾರಕ್ಕೊಂದು ಸಲ ಸಾಕು. ಅಂತೆಯೇ ಒಮ್ಮೆ ಒಳಗೆ ಹೋದ ಮೇಲೆ ತೊಂದರೆಯಾಯಿತೆಂದು ಹಿಂದಕ್ಕೆ ತೆಗೆಯಲು ಬಾರದು, ಕರಗುವವರೆಗೆ ಅನುಭವಿಸಲೇಬೇಕು. ಈ ವರ್ಗದ ಔಷಧಿಗಳಲ್ಲಿ ಮೊದಲನೆಯದು 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಎಕ್ಸೆನಟೈಡ್. ಅದರ ಮೂಲ ಗಿಲಾ ಮಾನ್‌ಸ್ಟರ್ ಎಂಬ ಒಂದು ವಿಷದ ಹಲ್ಲಿಯ ಜೊಲ್ಲು. ತರಗತಿಯಲ್ಲಿ ಇದನ್ನು ಹೇಳಿದ ದಿನ ಹತ್ತನೆಯ ತರಗತಿಯ ಹಿಂದಿನ ಬೆಂಚು ಮೊದಲ ಸಲ ಎಚ್ಚರವಾಗಿತ್ತು.

ಮೊದಲ ನಾಲ್ಕು ವಾರ 2.5 ಮಿಲಿಗ್ರಾಂ. ಇದು ದೇಹವನ್ನು ಪಳಗಿಸುವ ಪ್ರಮಾಣ, ತೂಕ ಇಳಿಸುವ ಪ್ರಮಾಣವಲ್ಲ ಎಂದು ಹೇಳಿದ್ದರು. ಆದರೂ ಎರಡನೆಯ ದಿನವೇ ನನ್ನೊಳಗೆ ಏನೋ ನಿಂತುಹೋದಂತಾಯಿತು. ರಾತ್ರಿಯಿಡೀ ತಿರುಗುತ್ತಿದ್ದ ಹಿಟ್ಟಿನ ಗಿರಣಿ ಕರೆಂಟು ಹೋಗಿ ನಿಂತಾಗ, ಅಷ್ಟು ಹೊತ್ತು ಸದ್ದಿತ್ತು ಎಂಬುದು ಆಗ ಗೊತ್ತಾಗುತ್ತದಲ್ಲ, ಹಾಗೆ. ಬೆಳಗಿನ ತಿಂಡಿ ತಿನ್ನುವಾಗಲೇ ಮಧ್ಯಾಹ್ನಕ್ಕೇನು ಎಂದು ಯೋಚಿಸುವುದು, ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬದ ಮೈಸೂರು ಪಾಕು ಡಬ್ಬದಲ್ಲಿ ಇನ್ನೆಷ್ಟು ಉಳಿದಿದೆ ಎಂದು ಲೆಕ್ಕ ಇಟ್ಟಿರುವುದು, ಇವೆಲ್ಲ ನನ್ನ ಸ್ವಭಾವದ ಚಪಲ ಎಂದೇ ನಲವತ್ತು ವರ್ಷ ನಾಚಿಕೆಪಟ್ಟಿದ್ದೆ. ಅರ್ಧ ಮಿಲಿಲೀಟರ್ ದ್ರವ ಅದನ್ನು ಎರಡು ದಿನದಲ್ಲಿ ನಿಲ್ಲಿಸಿತು ಎಂದಾಗ ಸಂತೋಷಕ್ಕಿಂತ ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಬೈಸಿಕೊಂಡದ್ದು ಯಾವ ತಪ್ಪಿಗೆ?

ಹಸಿವು ಹೋದದ್ದಷ್ಟೇ ಆಗಿದ್ದರೆ ಈ ಬರಹಕ್ಕೆ ಕಾರಣವಿರುತ್ತಿರಲಿಲ್ಲ. ಹಸಿವಿನ ಜಾಗಕ್ಕೆ ವಾಕರಿಕೆ ಬಂದು ಕುಳಿತಿತು. ಅದು ಊಟದಿಂದಲ್ಲ, ವಾಸನೆಯಿಂದ ಶುರುವಾಗುತ್ತಿತ್ತು. ನಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆ ನನ್ನ ತರಗತಿಗೆ ಅಂಟಿಕೊಂಡೇ ಇದೆ. ಹನ್ನೊಂದೂವರೆಗೆ ಅಲ್ಲಿ ಸಾಂಬಾರಿಗೆ ಒಗ್ಗರಣೆ ಬೀಳುತ್ತದೆ. ಸಾಸಿವೆ ಸಿಡಿಯುವ ಸದ್ದು ಕೇಳಿದ ಕೂಡಲೇ ನಾನು ಕಿಟಕಿಯ ಬಳಿಗೆ ಸರಿದು ನಿಲ್ಲುತ್ತಿದ್ದೆ; ಈರುಳ್ಳಿ ಎಣ್ಣೆಯಲ್ಲಿ ಬಾಡುವ ವಾಸನೆ ಬಂದರೆ ಬಾಯಲ್ಲಿ ನೀರಾಡಿ ಗಂಟಲು ಹಿಡಿಯುತ್ತಿತ್ತು. ಎರಡು ಸಲ ಸೆರಗನ್ನು ಮೂಗಿಗೆ ಹಿಡಿದು ಹೊರಗೆ ಹೋದದ್ದನ್ನು ನೋಡಿದ ಅಡುಗೆಯಾಕೆ ಒಂದು ದಿನ ಕೈತೊಳೆಯುವ ನಲ್ಲಿಯ ಹತ್ತಿರ ಬಂದು, ದನಿ ತಗ್ಗಿಸಿ, "ಮೇಡಂ, ತಪ್ಪು ತಿಳ್ಕಬೇಡಿ, ಏನಾದ್ರೂ ವಿಶೇಷನಾ?" ಎಂದು ಕೇಳಿದಳು. ನಲವತ್ತೇಳರ ವಯಸ್ಸಿನಲ್ಲಿ ಆ ಪ್ರಶ್ನೆ ಕೇಳಿಸಿಕೊಂಡ ಖುಷಿಗೆ ವಾಕರಿಕೆ ಒಂದು ಗಳಿಗೆ ಮರೆತೇಹೋಯಿತು.

ಮನೆಯಲ್ಲಿ ಅಡುಗೆ ಮಾಡುವವಳೂ ನಾನೇ. ತಿನ್ನಲು ಆಗದವಳು ದಿನಕ್ಕೆ ಮೂರು ಹೊತ್ತು ಇತರರಿಗೆ ಬೇಯಿಸುವುದು ಎಂಥ ಕೆಲಸ ಎಂಬುದನ್ನು ಈ ಔಷಧಿಯ ಬಗ್ಗೆ ಬರೆಯುವ ಗಂಡಸರು ಎಲ್ಲೂ ಬರೆದದ್ದು ಕಾಣೆ. ನಾನು ಕಂಡುಕೊಂಡ ದಾರಿ ಇಷ್ಟು: ಶುಕ್ರವಾರ ರಾತ್ರಿ ಚುಚ್ಚಿಕೊಂಡರೆ ಶನಿವಾರ ಅರ್ಧ ದಿನದ ಶಾಲೆ, ಭಾನುವಾರ ರಜೆ, ವಾಕರಿಕೆ ಹೆಚ್ಚಿರುವ ಎರಡು ದಿನಗಳು ಹಾಗೆ ಕಳೆಯುತ್ತವೆ. ಆ ಎರಡು ದಿನಕ್ಕೆ ಬೇಕಾದ ಸಾರನ್ನು ಶುಕ್ರವಾರ ಸಂಜೆಯೇ ಕುದಿಸಿಟ್ಟೆ. ಒಗ್ಗರಣೆಯನ್ನು ಯಜಮಾನರಿಗೆ ಒಪ್ಪಿಸಿದೆ. ಮೊದಲ ವಾರ ಅವರು ಸಾಸಿವೆಯನ್ನು ಇದ್ದಿಲು ಮಾಡಿದರು. ಮೂರನೆಯ ವಾರದ ಹೊತ್ತಿಗೆ ಇಂಗು ಯಾವಾಗ ಹಾಕಬೇಕು ಎಂದು ನನಗೇ ಹೇಳಿಕೊಡುವ ಮಟ್ಟಕ್ಕೆ ಬಂದರು.

ಜುಲೈ 4ರಿಂದ 5 ಮಿಲಿಗ್ರಾಂ. ಆಗ ಬಂದದ್ದು ತೇಗು. ಸಾಮಾನ್ಯ ಹುಳಿತೇಗಲ್ಲ, ಕೊಳೆತ ಮೊಟ್ಟೆಯ ವಾಸನೆಯದು. ತಿಂದದ್ದು ಜಠರದಲ್ಲಿ ಬಹಳ ಹೊತ್ತು ನಿಲ್ಲುವುದರಿಂದ ಗಂಧಕದ ಅನಿಲ ಹುಟ್ಟಿ ಮೇಲೆ ಬರುತ್ತದೆ. ಹತ್ತನೆಯ ತರಗತಿಗೆ ಜೀರ್ಣಕ್ರಿಯೆಯ ಪಾಠ ಮಾಡುತ್ತ, ಜಠರದ ಚಿತ್ರ ಬರೆಯಲೆಂದು ಬೋರ್ಡಿನ ಕಡೆಗೆ ತಿರುಗಿ, ತಿರುಗಿದ ಹೊತ್ತಿನಲ್ಲಿ ತೇಗಿ, ಅದು ಚದುರಲೆಂದು ಬೇಕೆಂದೇ ಚಿತ್ರವನ್ನು ಎರಡನೆಯ ಸಲ ತಿದ್ದಿದ್ದೇನೆ. ಯಾವ ಊಟದ ನಂತರ ಇದು ಹೆಚ್ಚುತ್ತದೆ ಎಂದು ಮೂರು ವಾರ ಹಳೆಯ ಡೈರಿಯೊಂದರಲ್ಲಿ ಬರೆದಿಟ್ಟೆ. ಬೋಂಡ, ಪೂರಿ, ಕೊಬ್ಬು ತೇಲುವ ಮಟನ್ ಸಾರು, ರಾತ್ರಿ ಒಂಬತ್ತರ ನಂತರದ ಯಾವುದೇ ಊಟ, ಇವು ಎಲ್ಲ ಸಲವೂ ತಪ್ಪಿತಸ್ಥರಾಗಿ ಸಿಕ್ಕವು. ರಾತ್ರಿಯೂಟವನ್ನು ಏಳೂವರೆಗೆ ತಂದು, ಪ್ರಮಾಣವನ್ನು ಅರ್ಧಕ್ಕೆ ಇಳಿಸಿ, ಉಂಡ ಮೇಲೆ ಇಪ್ಪತ್ತು ನಿಮಿಷ ಅಂಗಳದಲ್ಲಿ ನಡೆದಾಗ ತೇಗು ತಿಂಗಳೊಳಗೆ ಹತೋಟಿಗೆ ಬಂತು.

ಮುದ್ದೆಯ ಕಥೆ ಬೇರೆ. ಹಾಸನದ ಕಡೆಯವರಿಗೆ ಮುದ್ದೆಯೆಂದರೆ ಅಗಿಯುವಂಥದ್ದಲ್ಲ, ಸಾರಿನಲ್ಲಿ ಹೊರಳಿಸಿ ನುಂಗುವಂಥದ್ದು. ಜಠರ ನಿಧಾನವಾದವರಿಗೆ ಹಾಗೆ ನುಂಗಿದ ಮುದ್ದೆ ಎದೆಗೂಡಿನ ಕೆಳಗೆ ಗುಂಡುಕಲ್ಲಿನಂತೆ ಕೂರುತ್ತದೆ. ಸಂಜೆ ಐದಕ್ಕೂ ಅದು ಅಲ್ಲೇ ಇದೆ ಎಂಬುದು ಗೊತ್ತಾಗುತ್ತದೆ. ಜುಲೈಯಲ್ಲಿ ನಮ್ಮವ್ವ ಊರಿನಿಂದ ಬಂದವಳು ಹುರುಳಿಕಾಳಿನ ಬಸ್ಸಾರು ಮಾಡಿ, ಎಂದಿನಂತೆ ನನ್ನ ತಟ್ಟೆಗೆ ತೆಂಗಿನಕಾಯಿಯಷ್ಟು ಮುದ್ದೆ ಇಟ್ಟಳು. ನಾಲ್ಕು ತುತ್ತಿಗೆ ನಾನು ನಿಲ್ಲಿಸಿದೆ. "ಯಾಕ್ ಮಗ, ಸಾರು ಹಿಡಿಸ್ಲಿಲ್ವಾ?" ಎಂದಳು. ಇಂಜೆಕ್ಷನ್ನಿನ ವಿಷಯ ಹೇಳಿದೆ. ಅವಳಿಗೆ ಅರ್ಥವಾದದ್ದು ಒಂದೇ ಮಾತು, ಮಗಳು ದುಡ್ಡು ಕೊಟ್ಟು ಹಸಿವು ಕಳೆದುಕೊಂಡಿದ್ದಾಳೆ. ಹಸಿವಾಗಲೆಂದು ಮದ್ದು ಕುಡಿಸಿ ಮಕ್ಕಳನ್ನು ಸಾಕಿದ ಕಾಲದವಳು ಅವಳು. ಆ ರಾತ್ರಿ ಅವಳೂ ಸರಿಯಾಗಿ ಉಣ್ಣಲಿಲ್ಲ.

ಅವ್ವನ ಮಾತಿನಲ್ಲಿ ನಾನು ಆಗ ಒಪ್ಪಿಕೊಳ್ಳದ ಒಂದು ಸತ್ಯವಿತ್ತು. ಜೂನ್, ಜುಲೈ ಎರಡೂ ತಿಂಗಳಿನ ಹೆಚ್ಚಿನ ದಿನ ನಾನು ಕಡಿಮೆ ಉಣ್ಣುತ್ತಿರಲಿಲ್ಲ, ಉಣ್ಣುತ್ತಲೇ ಇರಲಿಲ್ಲ. ಬೆಳಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಎರಡು ಚಮಚ ಮೊಸರನ್ನ, ರಾತ್ರಿ ಒಂದು ಬಾಳೆಹಣ್ಣು. ತೂಕದ ಯಂತ್ರ ಕೆಳಗಿಳಿಯುತ್ತಿದೆಯಲ್ಲ ಎಂಬ ಹಿಗ್ಗು. ಜುಲೈ ಮಧ್ಯದ ಒಂದು ದಿನ ತಿಂಡಿ ಬಿಟ್ಟು, ಶುಗರಿನ ಗ್ಲಿಮೆಪಿರೈಡ್ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿ ಶಾಲೆಗೆ ಹೋದೆ. ಮೂರನೆಯ ಪೀರಿಯಡ್ಡಿನಲ್ಲಿ ಕೈ ನಡುಗಿ ಸೀಮೆಸುಣ್ಣ ಜಾರಿತು, ಬೆನ್ನ ತುಂಬ ತಣ್ಣನೆಯ ಬೆವರು. ಬ್ಯಾಗಿನಲ್ಲಿದ್ದ ಯಂತ್ರದಲ್ಲಿ ನೋಡಿದರೆ ಸಕ್ಕರೆ 62. ಒಬ್ಬ ಹುಡುಗಿ ಓಡಿಹೋಗಿ ಬಿಸಿಯೂಟದ ಮನೆಯಿಂದ ಸಕ್ಕರೆ ಕದಡಿದ ನೀರು ತಂದಳು. ಟಿರ್ಜೆಪಟೈಡ್ ಒಂದೇ ಆಗಿದ್ದರೆ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಜೊತೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆಯೋ ಇನ್ಸುಲಿನ್ನೋ ಇದ್ದಾಗ ಅಪಾಯ. ಊಟ ಬಿಟ್ಟ ದಿನ ಆ ಮಾತ್ರೆಯನ್ನೂ ಬಿಡಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು, ತಪ್ಪು ನನ್ನದೇ. ಅಂದೇ ಫೋನು ಮಾಡಿದಾಗ ಮಾತ್ರೆಯನ್ನು ಅರ್ಧ ಮಾಡಿದರು. ಆಗಸ್ಟಿನಲ್ಲಿ ಪೂರ್ತಿ ನಿಲ್ಲಿಸಿದರು. ಎಂಟು ವರ್ಷದಲ್ಲಿ ನನ್ನ ಮಾತ್ರೆಗಳ ಡಬ್ಬದಿಂದ ಒಂದು ಮಾತ್ರೆ ಹೊರಗೆ ಹೋದದ್ದು ಅದೇ ಮೊದಲು.

ಆಗಸ್ಟಿನಿಂದ ಊಟದ ಲೆಕ್ಕ ಶುರುವಾಯಿತು. ವೇಗವಾಗಿ ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಅದನ್ನು ತಡೆಯಲು ಪ್ರೋಟೀನೂ ವ್ಯಾಯಾಮವೂ ಬೇಕು ಎಂದು ಪಥ್ಯತಜ್ಞೆ ದಿನಕ್ಕೆ 75 ಗ್ರಾಂ ಪ್ರೋಟೀನ್ ಗೊತ್ತುಪಡಿಸಿದರು. ಹಸಿವಿರುವವರಿಗೆ ಇದು ದೊಡ್ಡ ಮಾತಲ್ಲ. ಹೊಟ್ಟೆಯಲ್ಲಿ ಒಂದು ಬಟ್ಟಲಿಗಷ್ಟೇ ಜಾಗವಿರುವವರಿಗೆ ಆ ಬಟ್ಟಲಲ್ಲಿ ಏನಿರಬೇಕು ಎಂಬುದು ಪ್ರತಿ ಹೊತ್ತಿನ ಪ್ರಶ್ನೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ. ಬೇಯಿಸಿದ ಹೆಸರುಕಾಳು ಒಂದು ಬಟ್ಟಲಿಗೆ ಹದಿನಾಲ್ಕರ ಹತ್ತಿರ. ಹಾಗಾಗಿ ನನ್ನ ತಟ್ಟೆಯಲ್ಲಿ ಊಟದ ಕ್ರಮವೇ ತಿರುವುಮುರುವಾಯಿತು: ಮೊದಲು ಮೊಟ್ಟೆಯೋ ಕಾಳೋ ಕೋಳಿಯ ತುಂಡೋ, ಆಮೇಲೆ ಪಲ್ಯ, ಜಾಗ ಉಳಿದರೆ ಮುದ್ದೆ ಅಥವಾ ಅನ್ನ. ಕಾಳು ಜಾಸ್ತಿಯಾದರೆ ಹೊಟ್ಟೆಯುಬ್ಬರ, ಮೊಟ್ಟೆ ಜಾಸ್ತಿಯಾದರೆ ತೇಗು. ಇವೆರಡರ ನಡುವೆ ನನಗೆ ಒಗ್ಗಿದ್ದು ಪನೀರು ಮತ್ತು ನೀರು ಬಸಿದ ಗಟ್ಟಿ ಮೊಸರು. ಊಟದ ಜೊತೆ ನೀರು ಕುಡಿಯುವುದನ್ನು ಬಿಟ್ಟೆ, ಏಕೆಂದರೆ ನೀರೇ ಜಾಗ ಹಿಡಿಯುತ್ತಿತ್ತು. ಸಂಜೆ ಕುರ್ಚಿಯಿಂದ ಕೈಯೂರದೆ ಏಳುವುದು, ಕೂರುವುದು ಹದಿನೈದು ಸಲ. ಎರಡು ಲೀಟರಿನ ನೀರಿನ ಬಾಟಲಿ ಎರಡು ಕೈಯಲ್ಲಿ ಹಿಡಿದು ಮಹಡಿಯ ಮೆಟ್ಟಿಲು ನಾಲ್ಕು ಸಲ. ಜಿಮ್ಮಿಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲ.

ಮಲಬದ್ಧತೆಯ ಬಗ್ಗೆ ಬರೆಯಲು ಸಂಕೋಚವಾಗುತ್ತದೆ, ಆದರೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅದೇ. ನಾಲ್ಕು ದಿನ, ಒಮ್ಮೆ ಐದು ದಿನ. ತಿನ್ನುವುದೇ ಕಡಿಮೆ, ಕರುಳು ನಿಧಾನ, ನೀರು ಸಾಲದು, ಮೂರೂ ಸೇರಿದ ಫಲ ಅದು. ಯಾರೋ ಹೇಳಿದರೆಂದು ರಾತ್ರಿ ಇಸಬ್‌ಗೋಲನ್ನು ಅರ್ಧ ಲೋಟ ನೀರಿನಲ್ಲಿ ಕುಡಿದೆ. ಕಡಿಮೆ ನೀರಿನಲ್ಲಿ ಅದು ಒಳಗೆ ಅಂಟಿನಂತೆ ಗಟ್ಟಿಯಾಗಿ ಕಷ್ಟವನ್ನು ಹೆಚ್ಚಿಸಿತು. ಡಾಕ್ಟರು ಬೇರೆ ಪುಡಿ ಬರೆದುಕೊಟ್ಟು, ದಿನಕ್ಕೆ ಎರಡೂವರೆ ಲೀಟರ್ ನೀರನ್ನು ಗಂಟೆಗಿಷ್ಟೆಂದು ಹಂಚಿ ಕುಡಿಯಲು ಹೇಳಿದರು. ಬಾಯಾರಿಕೆಯೂ ಹಸಿವಿನಂತೆಯೇ ಮಂಕಾಗುತ್ತದೆ, ಆದ್ದರಿಂದ ಶಾಲೆಯಲ್ಲಿ ಪ್ರತಿ ಪೀರಿಯಡ್ಡಿನ ಗಂಟೆಗೆ ಐದು ಗುಟುಕು ಎಂದು ನಿಯಮ ಮಾಡಿಕೊಂಡೆ. ನಮ್ಮ ಜವಾನ ಹೊಡೆಯುವ ಗಂಟೆ ನನ್ನ ಬಾಯಾರಿಕೆಯ ಕೆಲಸವನ್ನು ವಹಿಸಿಕೊಂಡಿತು.

ಅಕ್ಟೋಬರ್ 10ರ ಶುಕ್ರವಾರ ಪ್ರಮಾಣ 7.5ಕ್ಕೆ ಏರಿತು. ಅಲ್ಲಿಯವರೆಗೆ ಬಾಟಲಿ, ಸಿರಿಂಜು. ಈ ಪ್ರಮಾಣಕ್ಕೆ ಪೆನ್ನು. ಪೆನ್ನು ಆಗಸ್ಟಿನಲ್ಲಷ್ಟೇ ಇಲ್ಲಿಗೆ ಬಂದಿತ್ತು. ಒಂದು ಪೆನ್ನಿನಲ್ಲಿ ನಾಲ್ಕು ವಾರದ ನಾಲ್ಕು ಡೋಸು. ಪ್ರತಿ ಸಲ ಹೊಸ ಸೂಜಿ ಹಾಕಿ, ತುದಿಯಲ್ಲಿ ಔಷಧಿ ಬರುವುದನ್ನು ಮೊದಲು ನೋಡಿ, ಗುಂಡಿಯನ್ನು ತಿರುಗಿಸಿ, ಚುಚ್ಚಿ ಒತ್ತಿ ಹಿಡಿದು ನಿಧಾನವಾಗಿ ಐದರವರೆಗೆ ಎಣಿಸಬೇಕು. ನಾಲ್ಕು ಡೋಸು ಮುಗಿದ ಮೇಲೂ ಪೆನ್ನಿನಲ್ಲಿ ಸ್ವಲ್ಪ ಉಳಿದಿರುತ್ತದೆ. ಅದನ್ನು ಸಿರಿಂಜಿನಿಂದ ಎಳೆದು ಐದನೆಯ ವಾರಕ್ಕೆ ಉಪಯೋಗಿಸುವ ಜಾಣರಿದ್ದಾರೆಂದು ಕೇಳಿದ್ದೇನೆ. ಬೆಲೆ ನೋಡಿದರೆ ಕೈ ತುರಿಸುವುದು ನಿಜ. ಆದರೆ ಅಳತೆಯಿಲ್ಲದ ಔಷಧಿಯನ್ನು ಮೈಗೆ ಸೇರಿಸಿಕೊಳ್ಳುವುದು ಉಳಿತಾಯವಲ್ಲ.

ಆ ವಾರ ನಾನು ಪ್ರಮಾಣ ಏರಿಸಬಾರದಿತ್ತು. ಹಾಸನಾಂಬೆಯ ಬಾಗಿಲು ತೆರೆದದ್ದು ಅದರ ಹಿಂದಿನ ದಿನ, ಅಕ್ಟೋಬರ್ 9ಕ್ಕೆ. ವರ್ಷಕ್ಕೊಮ್ಮೆ ತಾಯಿ ದರ್ಶನ ಕೊಡುವ ಆ ದಿನಗಳಲ್ಲಿ ಹಾಸನದಲ್ಲಿ ಮನೆಯಿರುವವರ ಮನೆ ಛತ್ರವೇ ಆಗುತ್ತದೆ. ಅದೇ ಹೊತ್ತಿಗೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು 18ರವರೆಗೆ ಮುಂದುವರಿಸಿದ್ದರಿಂದ ನಾವು ಶಿಕ್ಷಕರು ಮನೆಮನೆ ತಿರುಗುತ್ತಿದ್ದೆವು. ಶನಿವಾರ, ಭಾನುವಾರ ಎರಡೂ ದಿನ ವಾಂತಿ, ಭೇದಿ. ನೆಂಟರಿಗೆ ಗೊತ್ತಾಗದಿರಲೆಂದು ಹಿತ್ತಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ವಾಂತಿ ಮಾಡಿದೆ. ಸೋಮವಾರ ಬೆಳಗ್ಗೆ ಬಿಪಿ ಮಾತ್ರೆ ನುಂಗಿ ಸಮೀಕ್ಷೆಗೆ ಹೊರಟೆ. ಪ್ರತಿ ಮನೆಯಲ್ಲೂ ಕಾಫಿ ಕೊಡಲು ಬರುತ್ತಾರೆ, ಬೇಡವೆಂದರೆ ಬೇಸರಿಸುತ್ತಾರೆ; ಬೇಡ ಎನ್ನುತ್ತ ಎನ್ನುತ್ತ ನೀರನ್ನೂ ಬೇಡವೆಂದಿದ್ದೆ. ಹನ್ನೊಂದನೆಯ ಮನೆಯ ಜಗಲಿಯಲ್ಲಿ ಪ್ರಶ್ನೆ ಮುಗಿಸಿ ಎದ್ದವಳಿಗೆ ಕಣ್ಣು ಕತ್ತಲೆ ಬಂತು. ಗೋಡೆ ಹಿಡಿದುಕೊಂಡದ್ದು ನೆನಪಿದೆ. ಆಮೇಲೆ ಆ ಮನೆಯ ಅಜ್ಜಿ ನನ್ನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಉಪ್ಪು ಹೆಚ್ಚು ಹಾಕಿದ ನೀರುಮಜ್ಜಿಗೆಯನ್ನು ಚಮಚದಲ್ಲಿ ಬಾಯಿಗೆ ಬಿಡುತ್ತಿದ್ದಳು.

ಆಸ್ಪತ್ರೆಯಲ್ಲಿ ರಕ್ತದೊತ್ತಡ 88/56. ಕ್ರಿಯಾಟಿನಿನ್ 1.4ಕ್ಕೆ ಏರಿತ್ತು, ಎಂದರೆ ಮೂತ್ರಪಿಂಡಕ್ಕೂ ನೀರಿನ ಕೊರತೆ ತಟ್ಟಿತ್ತು. ನನ್ನ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಬೆರೆತಿತ್ತು. ವಾಂತಿಭೇದಿಯಲ್ಲಿ ನೀರು ಕಳೆದುಕೊಂಡವಳು ಅದನ್ನು ನುಂಗಿ ಉಳಿದ ನೀರನ್ನೂ ಹೊರಗೆ ಹಾಕಿದ್ದೆ. ಅದಲ್ಲದೆ ನಾಲ್ಕು ತಿಂಗಳಲ್ಲಿ ತೂಕ ಇಳಿದಂತೆ ರಕ್ತದೊತ್ತಡವೂ ತಾನಾಗಿಯೇ ಇಳಿದಿತ್ತು, ಹಳೆಯ ಮಾತ್ರೆ ಈಗ ನನಗೆ ದೊಡ್ಡದಾಗಿತ್ತು. ಎರಡು ಬಾಟಲಿ ಗ್ಲೂಕೋಸ್, ಒಂದು ರಾತ್ರಿ ಆಸ್ಪತ್ರೆ. ಬಿಪಿಗೆ ಬೇರೆ ಮಾತ್ರೆ ಕೊಟ್ಟು, ಟಿರ್ಜೆಪಟೈಡನ್ನು ಒಂದು ವಾರ ಬಿಟ್ಟು ಮತ್ತೆ 5ಕ್ಕೆ ಇಳಿಸಿದರು. ಎರಡು ವಾರದಲ್ಲಿ ಕ್ರಿಯಾಟಿನಿನ್ ಮೊದಲಿನ ಮಟ್ಟಕ್ಕೆ ಬಂತು. ನೆಂಟರಿಗೆ ಎಲ್ಲವೂ ಗೊತ್ತಾಯಿತು. ಬಚ್ಚಿಟ್ಟದ್ದರಿಂದ ಆದ ಲಾಭ ಅಷ್ಟೇ.

ಗೊತ್ತಾದ ಮೇಲೆ ಮಾತು ಎರಡು ಬಗೆಯಾಗಿ ಹರಿಯಿತು. ಊರ ಕಡೆ ಸೊರಗುವುದೆಂದರೆ ಕಾಯಿಲೆ; "ಶುಗರ್ ಜಾಸ್ತಿಯಾಗಿ ಒಣಗೋಗವಳೆ" ಎಂದು ಸೋದರತ್ತೆಯೊಬ್ಬರು ನನಗೆ ಕೇಳುವಂತೆಯೇ ಮರುಗಿದರು. ಇನ್ನೊಂದು ಬಗೆ ಶಾಲೆಯದು. ಸಹೋದ್ಯೋಗಿಯೊಬ್ಬರು ಮಗಳ ಮದುವೆ ಇನ್ನು ಮೂರು ತಿಂಗಳಿದೆ, ಆರು ಕಿಲೊ ಇಳಿಸಬೇಕು, ಚೀಟಿಯಿಲ್ಲದೆ ಕೊಡುವ ಮೆಡಿಕಲ್ ಶಾಪ್ ಯಾವುದು ಎಂದು ಕೇಳಿದರು. ಹುಡುಗಿಯ ತೂಕ 61. ನಾನು ಹೇಳಲಿಲ್ಲ, ಅವರು ಇಂದಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಮೆಹಂದಿಯ ದಿನಕ್ಕೆ ಕಿಲೊ ಎಣಿಸುವ ಮದ್ದು ಇದಲ್ಲ ಎಂದರೆ, ತಾನು ಮಾತ್ರ ಸಣ್ಣಗಾಗಬೇಕೆಂಬ ಹೊಟ್ಟೆಕಿಚ್ಚು ಎಂದುಕೊಂಡಿರಬಹುದು.

ಅಕ್ಟೋಬರಿನಿಂದಲೇ ಕೂದಲು ಉದುರತೊಡಗಿತ್ತು. ಬಾಚಣಿಗೆಯಲ್ಲಿ, ದಿಂಬಿನ ಮೇಲೆ, ಬಚ್ಚಲಿನ ಜಾಲರಿಯಲ್ಲಿ. ನವೆಂಬರಿನಲ್ಲಿ ಜಡೆ ಹೆಣೆದರೆ ಹೆಬ್ಬೆರಳಿನ ಬದಲು ಕಿರುಬೆರಳಿನ ದಪ್ಪ. ತೂಕ ಬೇಗ ಇಳಿದ ಮೂರು ನಾಲ್ಕು ತಿಂಗಳಿಗೆ ಹೀಗಾಗುವುದುಂಟು, ಬಾಣಂತಿಯರಿಗೆ ಉದುರಿದಂತೆ, ಮತ್ತೆ ಹುಟ್ಟುತ್ತದೆ ಎಂದರು ಡಾಕ್ಟರು. ಆದರೂ ಪರೀಕ್ಷೆ ಮಾಡಿಸಿದಾಗ ಕಬ್ಬಿಣದ ಸಂಗ್ರಹವೂ ಬಿ12 ಜೀವಸತ್ವವೂ ಕಡಿಮೆಯಿದ್ದವು. ವರ್ಷಗಟ್ಟಲೆ ಶುಗರಿನ ಮೆಟ್‌ಫಾರ್ಮಿನ್ ಮಾತ್ರೆ ನುಂಗುವವರಲ್ಲಿ ಬಿ12 ಕೊರತೆ ಹೊಸದೇನಲ್ಲ. ಜನವರಿಯ ಕೊನೆಗೆ ಹಣೆಯ ಅಂಚಿನಲ್ಲಿ ಗಿಡ್ಡ ಕೂದಲು ನೆಟ್ಟಗೆ ನಿಲ್ಲತೊಡಗಿತು.

ಡಿಸೆಂಬರಿನಲ್ಲಿ ಮತ್ತೆ 7.5ಕ್ಕೆ ಏರಿದೆ. ಈ ಸಲ ಪರೀಕ್ಷೆ, ಹಬ್ಬ, ನೆಂಟರು ಯಾವುದೂ ಇಲ್ಲದ ವಾರವನ್ನು ಹುಡುಕಿ, ಓಆರ್‌ಎಸ್ ಪೊಟ್ಟಣಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕಾಣುವಂತಿಟ್ಟು, ಮೂರು ದಿನ ಗಂಜಿ, ಮೊಸರು, ಬೇಳೆ ಕಟ್ಟಿನಲ್ಲೇ ಕಳೆದೆ. ವಾಕರಿಕೆ ಬಂತು, ವಾಂತಿ ಬರಲಿಲ್ಲ.

ಈಗ, 2026ರ ಫೆಬ್ರವರಿಯಲ್ಲಿ, ತೂಕ 81.5. ಎಂಟು ತಿಂಗಳಿಗೆ ಹತ್ತೂವರೆ ಕಿಲೊ. ಇಪ್ಪತ್ತು, ಇಪ್ಪತ್ತೈದು ಕಿಲೊ ಇಳಿಸಿದವರ ಫೋಟೊ ನೋಡಿ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಸಕ್ಕರೆ ಕಾಯಿಲೆಯಿರುವವರಿಗೆ ಈ ಔಷಧಿಯಲ್ಲಿ ತೂಕ ಇಳಿಯುವುದು ಉಳಿದವರಿಗಿಂತ ಕಡಿಮೆ ಎಂಬುದು ಪ್ರಯೋಗಗಳಲ್ಲೇ ಕಂಡಿದೆ ಎಂದು ತಿಳಿದ ಮೇಲೆ ಸುಮ್ಮನಾದೆ. ಎಚ್‌ಬಿಎ1ಸಿ 6.4. ಮಹಡಿಯ ಮೆಟ್ಟಿಲು ಹತ್ತುವಾಗ ಮಂಡಿ ಲಟಕ್ಕೆನ್ನುವುದು ನಿಂತಿದೆ.

ಹಣದ ಮಾತು ಬಿಟ್ಟರೆ ಈ ಕಥೆ ಅರ್ಧವೇ ಆಗುತ್ತದೆ. ಮೊದಲ ತಿಂಗಳು 14,000, ಎರಡನೆಯ ತಿಂಗಳಿನಿಂದ 17,500, ಸೆಪ್ಟೆಂಬರ್ 22ರಿಂದ ಔಷಧಿಗಳ ಜಿಎಸ್‌ಟಿ 12ರಿಂದ 5ಕ್ಕೆ ಇಳಿದಾಗ ಸ್ವಲ್ಪ ಹಗುರವಾಯಿತು, 7.5ರ ಪೆನ್ನಿಗೆ ಆ ಇಳಿಕೆಯ ನಂತರವೂ ಇಪ್ಪತ್ತು ಸಾವಿರದ ಮೇಲೆ. ಮನೆಗೆ ಸುಣ್ಣಬಣ್ಣ ಮಾಡಿಸಲೆಂದು ಎತ್ತಿದ್ದ ಚೀಟಿಯ ಹಣ ನನ್ನ ಹೊಟ್ಟೆಯ ಚರ್ಮದೊಳಗೆ ಹೋಗಿದೆ. ನಿಲ್ಲಿಸಿದರೆ ಏನಾಗುತ್ತದೆ ಎಂದು ಡಾಕ್ಟರನ್ನು ಕೇಳಿದೆ. ಔಷಧಿ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಇಳಿದ ತೂಕದ ದೊಡ್ಡ ಪಾಲು ಮರಳಿ ಬಂದಿದೆ, ಬಿಪಿ ಮಾತ್ರೆಯಂತೆ ಇದೂ ಮುಂದುವರಿಯುವ ಮದ್ದೆಂದೇ ತಿಳಿಯಿರಿ ಎಂದರು. ಇದೇ ವರ್ಗದ ಸೆಮಾಗ್ಲುಟೈಡಿಗೆ ಭಾರತದಲ್ಲಿರುವ ಪೇಟೆಂಟ್ 2026ರ ಮಾರ್ಚ್‌ನಲ್ಲಿ ಮುಗಿಯುತ್ತದೆ. ನಮ್ಮ ದೇಶದ ಕಂಪನಿಗಳ ಅಗ್ಗದ ಪೆನ್ನುಗಳು ಬಂದರೆ ಅದಕ್ಕೆ ಬದಲಾಯಿಸುವುದೋ, ಇದನ್ನೇ 5ಕ್ಕೆ ಇಳಿಸಿ ಮುಂದುವರಿಸುವುದೋ ಎಂದು ಏಪ್ರಿಲ್‌ನ ತಪಾಸಣೆಯಲ್ಲಿ ನೋಡೋಣ ಎಂದಿದ್ದಾರೆ. ಬದಲಾಯಿಸಿದರೆ ಮತ್ತೆ ಚಿಕ್ಕ ಪ್ರಮಾಣದಿಂದ ಹತ್ತಬೇಕಾಗಬಹುದು, ಮತ್ತೆ ಒಗ್ಗರಣೆಯ ವಾಸನೆ.

ಕಳೆದ ತಿಂಗಳು ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಪೆನ್ನನ್ನು ಐಸ್‌ಪ್ಯಾಕಿಗೆ ನೇರ ತಾಗದಂತೆ ಟವೆಲಿನಲ್ಲಿ ಸುತ್ತಿ ಡಬ್ಬದಲ್ಲಿ ಒಯ್ದೆ. ಉಪಯೋಗಿಸಲು ಶುರುಮಾಡಿದ ಪೆನ್ನು 30 ಡಿಗ್ರಿ ಮೀರದ ಕಡೆ ಹೊರಗೂ ಇರಬಲ್ಲದು, ಹೆಪ್ಪುಗಟ್ಟಿದರೆ ಎಸೆಯಬೇಕು. ಅವ್ವ ಅದನ್ನು ಇಸಿದುಕೊಂಡು, ದೇವರ ಗೂಡಿನ ಕೆಳಗಿನ ತಣ್ಣನೆಯ ಗೋಡೆಗೂಡಿನಲ್ಲಿ, ಅಪ್ಪನ ಕನ್ನಡಕದ ಪಕ್ಕ ಇಟ್ಟಳು. ಮಧ್ಯಾಹ್ನ ಹಿತಕಿದ ಅವರೆಬೇಳೆ ಸಾರು. ಎಲ್ಲರಿಗೂ ಮುದ್ದೆ ಕಟ್ಟಿ ಹಾಕಿದ ಮೇಲೆ, ಪಾತ್ರೆಯ ತಳದಿಂದ ಕೆರೆದು, ಒದ್ದೆ ಅಂಗೈಯಲ್ಲಿ ಉರುಳಿಸಿ, ನಿಂಬೆಹಣ್ಣಿಗಿಂತ ತುಸು ದೊಡ್ಡದೊಂದನ್ನು ನನ್ನ ತಟ್ಟೆಗಿಟ್ಟು, ಅದರ ಸುತ್ತ ಮೂರು ಸೌಟು ಬೇಳೆ ಸುರಿದಳು. "ಕಾಳು ಮೊದ್ಲು ತಿನ್ನು ಅಂತ ಡಾಕ್ಟ್ರು ಹೇಳವ್ರಂತೆ, ಅಳಿಯಂದ್ರು ಅಂದ್ರು" ಎಂದವಳು, ನಾನು ತಿಂದು ಮುಗಿಸುವವರೆಗೆ ಎದುರಿಗೇ ಕೂತಿದ್ದು, ಇನ್ನೊಂದು ಬೇಕೇ ಎಂದು ಕೇಳದೆ ಎದ್ದುಹೋದಳು.